ಹಾಸ್ಯ ಧಾರಾವಾಹಿಗಳ ಉಡುಗೆ-ತೊಡುಗೆ: ಒಂದು ವಿಚಾರ

ದೂರದರ್ಶನವು ನಮ್ಮ ಭಾಗದ ಮನೆಗಳನ್ನು ಪ್ರವೇಶಿಸಿ ಮೂರು-ನಾಲ್ಕು ದಶಕಗಳೇ ಸಂದವು. ಅದು ನಮ್ಮ ಮಾತನ್ನು, ಊಟದ ಹೊತ್ತನ್ನು, ಮಕ್ಕಳ ಓದನ್ನು ಹೇಗೆ ಬದಲಾಯಿಸಿತೆಂಬುದನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನಮ್ಮ ಉಡುಪನ್ನು ಏನು ಮಾಡಿತೆಂಬುದನ್ನು ಮಾತ್ರ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ಹೇಳುವುದು ಸೂಕ್ತವೆಂದು ತೋರುತ್ತದೆ. ವಾಣಿಜ್ಯ ಪದವಿಯನ್ನು ಮುಗಿಸಿ ಮಧುಗಿರಿಯಲ್ಲಿ ತಂದೆಯವರ ಅಂಗಡಿಗೆ ಬಂದಂದಿನಿಂದ ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಗ್ರಾಹಕರ ಮುಂದೆ ಬಟ್ಟೆ ಹರವುತ್ತ ಬಂದಿರುವ ನನಗೆ ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ವಸ್ತ್ರವನ್ನೇ ತ್ಯಜಿಸಿದ ಮುನಿಗಳ ಪಾದಕ್ಕೆರಗುವ ನಮ್ಮಲ್ಲಿ ಅನೇಕರು ವಸ್ತ್ರವನ್ನೇ ಮಾರಿ ಬದುಕುತ್ತಿದ್ದೇವೆ. ಈ ವಿನೋದವನ್ನು ಅರಿತೇ ಬರೆಯುತ್ತಿದ್ದೇನೆ.

ಧಾರಾವಾಹಿಯ ಪಾತ್ರಗಳು ಉಟ್ಟದ್ದನ್ನೇ ಜನರು ಉಡುತ್ತಾರೆಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ. ಕಣ್ಣೀರಿನ ಧಾರಾವಾಹಿಗಳ ವಿಷಯದಲ್ಲಿ ಅದು ನಿಜವೇ. 2013ರ ಕೊನೆಯಲ್ಲಿ ಆರಂಭವಾದ ‘ಅಗ್ನಿಸಾಕ್ಷಿ’ ನಡೆಯುತ್ತಿದ್ದಷ್ಟು ಕಾಲವೂ ಕೊರಟಗೆರೆ ಕಡೆಯ ಹೆಣ್ಣುಮಕ್ಕಳು ನಮ್ಮಲ್ಲಿಗೆ ಬಂದು “ಅಣ್ಣಾ, ಸನ್ನಿಧಿ ಸೀರೆ ಐತಾ?” ಎಂದು ಕೇಳುತ್ತಿದ್ದರು. ಪಾವಗಡದ ಕಡೆಯವರು ತೆಲುಗು ವಾಹಿನಿಗಳನ್ನು ಹೆಚ್ಚಾಗಿ ನೋಡುವವರಾದುದರಿಂದ ಅವರು ಹೇಳುವ ಹೆಸರುಗಳೇ ಬೇರೆ; ನಾನು ಅವುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾಗುತ್ತಿತ್ತು. ಸೂರತ್ತಿನ ಕೃತಕ ನೂಲಿನ ಸೀರೆಗಳು ಇಂತಹ ಹೆಸರುಗಳನ್ನು ಹೊತ್ತೇ ಬಂದಿಳಿಯುತ್ತಿದ್ದವು. ವೈ.ಎನ್. ಹೊಸಕೋಟೆಯ ನೇಕಾರನು ಮಗ್ಗದ ಮುಂದೆ ಕುಳಿತು ಒಂದು ರೇಷ್ಮೆ ಸೀರೆಯನ್ನು ನೇಯ್ದು ಇಳಿಸುವಷ್ಟರಲ್ಲಿ ನಾಯಕಿ ಹತ್ತು ಸೀರೆಗಳನ್ನು ಉಟ್ಟು ಕಳಚಿರುತ್ತಾಳೆ. (ರೇಷ್ಮೆಯಲ್ಲಿರುವ ಹಿಂಸೆಯ ಪ್ರಶ್ನೆ ಬೇರೆಯೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ.)

ಹಾಸ್ಯ ಧಾರಾವಾಹಿಯ ವಿಷಯ ಹೀಗಲ್ಲ. ಈ-ಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಬರುತ್ತಿದ್ದ ಕಾಲದಲ್ಲಿ ಆ ಹೊತ್ತಿಗೆ ನಮ್ಮ ಅಂಗಡಿಯ ಹುಡುಗರು ಲೆಕ್ಕ ಮುಗಿಸಿ ಮನೆಗೆ ಓಡುತ್ತಿದ್ದರು. ಆದರೂ ಶ್ರೀಮತಿಯ ಸೀರೆಯನ್ನಾಗಲಿ ಪಾಂಡುವಿನ ಅಂಗಿಯನ್ನಾಗಲಿ ಕೇಳಿಕೊಂಡು ನಮ್ಮ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ‘ಸಿಲ್ಲಿ ಲಲ್ಲಿ’ಯ ಬಗೆಗೂ ಇದೇ ಮಾತು. ಅಷ್ಟು ಪ್ರೀತಿಯಿಂದ ನೋಡಿದ ಪಾತ್ರಗಳ ಉಡುಪನ್ನು ಜನರು ಏಕೆ ಬಯಸಲಿಲ್ಲ? ಇದಕ್ಕೆ ಉತ್ತರವು 2015ರಲ್ಲಿ ‘ಮಜಾ ಟಾಕೀಸ್’ ಬಂದ ಮೇಲೆ ನನಗೆ ಹೊಳೆಯಿತು. ಅಚ್ಚ ಕನ್ನಡದ ನಿರೂಪಣೆಗೆ ಹೆಸರಾಗಿದ್ದ, 2024ರಲ್ಲಿ ನಮ್ಮನ್ನಗಲಿದ ಅಪರ್ಣಾ ಅವರು ಅದರಲ್ಲಿ ವರಲಕ್ಷ್ಮಿಯೆಂಬ ಬಡಾಯಿಗಾತಿಯಾಗಿದ್ದರು. ಮಾತಿನಂತೆಯೇ ಅಲಂಕಾರವೂ ಅಳತೆ ಮೀರಿದ್ದು. ಬಾಯಿ ತೆರೆಯುವ ಮೊದಲೇ ಸ್ವಭಾವವು ತಿಳಿಯುತ್ತಿತ್ತು. ಒಮ್ಮೆ ಮಧ್ಯವಯಸ್ಸಿನ ತಾಯಿಯೊಬ್ಬರು ಜರಿಯ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದವರೇ, “ಅಯ್ಯೋ ಬೇಡಪ್ಪ, ವರಲಕ್ಷ್ಮಿ ಥರಾ ಕಾಣ್ತೀನಿ” ಎಂದು ನಕ್ಕು ಕೆಳಗಿಟ್ಟರು. ಅವರ ಕೈ ಮಾತ್ರ ಇನ್ನಷ್ಟು ಹೊತ್ತು ಆ ಸೀರೆಯ ಅಂಚಿನ ಮೇಲೆಯೇ ಇತ್ತು.

ಹಾಸ್ಯ ಧಾರಾವಾಹಿಯು ಏನನ್ನು ಉಡಬೇಕೆಂಬುದನ್ನು ಕಲಿಸುವುದಿಲ್ಲ. ಏನನ್ನು ಉಡಲು ನಾಚಬೇಕೆಂಬುದನ್ನು ಕಲಿಸುತ್ತದೆ. ವಿಮರ್ಶಕರು ಇದನ್ನು ಗಮನಿಸಿದಂತೆ ಕಾಣೆ.

ಕಲೆಯ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಹಾಸ್ಯ ಪಾತ್ರದ ವೇಷವು ಪ್ರತಿದಿನವೂ ಒಂದೇ ಬಗೆಯದಾಗಿರಬೇಕು. ನೋಡಿದ ಕೂಡಲೇ ಗುರುತು ಹತ್ತಬೇಕು. ನಮ್ಮ ಸೀಮೆಯ ಮೂಡಲಪಾಯದಲ್ಲಿ ಕೋಡಂಗಿಯು ರಂಗಕ್ಕೆ ಬಂದಾಗ ಮಕ್ಕಳಾದ ನಾವು ಅವನು ಮಾತನಾಡುವುದಕ್ಕೆ ಮೊದಲೇ ನಗುತ್ತಿದ್ದೆವು. ಆದರೆ ಕೋಡಂಗಿಯ ವೇಷ ಕೋಡಂಗಿಯದೇ. ಅದು ಬೇಸಾಯಗಾರನದಲ್ಲ, ಕುರುಬನದಲ್ಲ, ಶೆಟ್ಟಿಯದೂ ಅಲ್ಲ. ಆಟ ಮುಗಿದು ಬೆಳಗಾದ ಮೇಲೆ ಊರಿನಲ್ಲಿ ಯಾರೂ ಅದನ್ನು ಧರಿಸಿ ಓಡಾಡುತ್ತಿರಲಿಲ್ಲವಾದುದರಿಂದ ಆ ನಗೆಯು ಯಾರ ಬೆನ್ನನ್ನೂ ಹಿಂಬಾಲಿಸುತ್ತಿರಲಿಲ್ಲ. ದೂರದರ್ಶನದ ಹಾಸ್ಯಕ್ಕೆ ಪ್ರತ್ಯೇಕ ಕೋಡಂಗಿಯ ವೇಷವಿಲ್ಲ. ಅದು ಮನೆಯಾಳಿನ ಪಟ್ಟಾಪಟ್ಟಿ ಚಡ್ಡಿಯನ್ನು, ಹಳ್ಳಿಯವನ ಹೆಗಲ ಟವೆಲ್ಲನ್ನು, ಮುದುಕನ ಮಂಗನ ಟೋಪಿಯನ್ನು ತಂದು ಕೋಡಂಗಿಯ ಕೆಲಸಕ್ಕೆ ಹಚ್ಚುತ್ತದೆ. ಇವೆಲ್ಲ ಯಾರೋ ನಿತ್ಯವೂ ಉಡುವ ಬಟ್ಟೆಗಳು.

ಎಲ್ಲ ಧಾರಾವಾಹಿಗಳೂ ಹೀಗೆಯೇ ಎನ್ನಲಾರೆ. 2008ರಲ್ಲಿ ಆರಂಭವಾದ ಹಿಂದಿಯ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ವನ್ನು ನಮ್ಮ ಗುಜರಾತಿ, ಮಾರವಾಡಿ ಮಿತ್ರರ ಮನೆಗಳಲ್ಲಿ ನೋಡಿದ್ದೇನೆ. ಅದರ ಜೇಠಾಲಾಲನು ನಮ್ಮಂತೆಯೇ ಅಂಗಡಿಯವನು. ಅವನ ಅಂಗಿಗಳ ಬಣ್ಣ, ಚಿತ್ತಾರ ಪ್ರಸಿದ್ಧವಾದವು. ಗಾಬರಿ, ಚಪಲ, ಸಂತೋಷ ಎಲ್ಲವೂ ಆ ಅಂಗಿಯಲ್ಲಿಯೇ ಇವೆ. ಆದರೂ ನಗೆ ಹುಟ್ಟುವುದು ಅವನ ಪೇಚಾಟದಿಂದ, ಅಂಗಿಯಿಂದಲ್ಲ. ಧೋತರ-ಟೋಪಿಯ ಅವನ ತಂದೆಯ ಮುಂದಂತೂ ಮನೆಯವರೆಲ್ಲ ತಲೆತಗ್ಗಿಸಿ ನಿಲ್ಲುತ್ತಾರೆ. ನನ್ನ ಅಂಗಡಿಗೆ ಬಂದು ಯಾರಾದರೂ ಹಾಸ್ಯಪಾತ್ರದ ಬಟ್ಟೆಯನ್ನು ನಾಚದೆ ಕೇಳಿದ್ದರೆ ಅದು ಈ ಅಂಗಿಯೊಂದನ್ನೇ.

ಇದಕ್ಕಿಂತಲೂ ಸೂಕ್ಷ್ಮವಾದುದು 2004ರ ‘ಸಾರಾಭಾಯ್ ವರ್ಸಸ್ ಸಾರಾಭಾಯ್’. ಮುಂಬಯಿಯ ಸಿರಿವಂತ ಅತ್ತೆ ಮಾಯಾ ಉಟ್ಟ ಸೀರೆಯಲ್ಲಿ ಒಂದು ನಿರಿಗೆಯೂ ತಪ್ಪುವುದಿಲ್ಲ; ಸೊಸೆ ಮೋನಿಷಾಳ ಅಗ್ಗದ ಖರೀದಿಗಳನ್ನು, ಅವಳ ಮಧ್ಯಮವರ್ಗದ ಅಭಿರುಚಿಯನ್ನು ಆಕೆ ಮಧುರವಾಗಿಯೇ ಚುಚ್ಚುತ್ತಾಳೆ. ಆದರೆ ಪ್ರತಿ ಕಂತಿನಲ್ಲಿಯೂ ಕೊನೆಗೆ ನಗೆಗೀಡಾಗುವವಳು ಹೆಚ್ಚಾಗಿ ಚುಚ್ಚಿದವಳೇ. ಉಡುಪಿನಿಂದ ಮನುಷ್ಯನನ್ನು ಅಳೆಯುವ ಚಟವನ್ನೇ ಆ ಧಾರಾವಾಹಿ ಹಾಸ್ಯದ ವಸ್ತುವಾಗಿಸಿಕೊಂಡಿತು. ಅದು ಮೊದಲ ಸಲ ಪ್ರಸಾರವಾದಾಗ ಹೆಚ್ಚು ಜನ ನೋಡಲಿಲ್ಲ, ಮೆಚ್ಚುಗೆ ಬಂದದ್ದು ನಂತರ.

ಶಾಸ್ತ್ರಗ್ರಂಥಗಳನ್ನು ಈ ಲಘು ವಿಷಯಕ್ಕೆ ಎಳೆದು ತರಬಾರದೆಂದುಕೊಂಡಿದ್ದೆ. ಆದರೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅನರ್ಥದಂಡ ವ್ರತದ ಐದು ಅತಿಚಾರಗಳನ್ನು ಹೇಳುವಲ್ಲಿ ಅಶ್ಲೀಲ ಪರಿಹಾಸ, ಅಂಗಚೇಷ್ಟೆಯ ಕುಚೋದ್ಯ, ಬಾಯಿಬಡುಕತನಗಳ ಸಾಲಿನಲ್ಲಿಯೇ ಅಗತ್ಯಕ್ಕೆ ಮೀರಿ ಭೋಗವಸ್ತುಗಳನ್ನು ಕೂಡಿಹಾಕುವುದನ್ನೂ ಇರಿಸಿರುವುದು ನನ್ನನ್ನು ಬಹಳ ಕಾಲ ಕಾಡಿದೆ. ಪರಿಹಾಸಕ್ಕೂ ತುಂಬಿದ ಬೀರುವಿಗೂ ಏನು ಸಂಬಂಧವೆಂದು ಚಿಕ್ಕಂದಿನಲ್ಲಿ ಅರ್ಥವಾಗಿರಲಿಲ್ಲ. ಅಂಗಡಿಯಲ್ಲಿ ಅರ್ಥವಾಯಿತು. ನಗೆಗೀಡಾಗುವ ಭಯವಿರುವವನು ಬೇಕಾದುದಕ್ಕಿಂತ ಹೆಚ್ಚು ಕೊಳ್ಳುತ್ತಾನೆ. ಹಾಸ್ಯ, ಜುಗುಪ್ಸೆಗಳೆರಡನ್ನೂ ಒಂಬತ್ತು ನೋಕಷಾಯಗಳಲ್ಲಿ ಎಣಿಸಿದ ಆಚಾರ್ಯರು ಮನುಷ್ಯಸ್ವಭಾವವನ್ನು ಬಲ್ಲವರು.

ಒಂದು ಚಳಿಗಾಲ ಶಿರಾ ಸೀಮೆಯ ವೃದ್ಧರೊಬ್ಬರು ಕಾಲೇಜು ಓದುವ ಮೊಮ್ಮಗನೊಡನೆ ಅಂಗಡಿಗೆ ಬಂದರು. ಹೆಗಲ ಮೇಲೆ ಕರಿಯ ಕಂಬಳಿ. ಶಿರಾ ಕಡೆಯ ಕಂಬಳಿಯನ್ನು ಬಲ್ಲವರಿಗೆ ಅದರ ಯೋಗ್ಯತೆಯನ್ನು ಹೇಳಬೇಕಿಲ್ಲ. ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ. ಹಾಲುಮತದವರಲ್ಲಿ ದೇವರ ಗದ್ದುಗೆಯೂ ಅದೇ. ವರ್ಷಗಟ್ಟಲೆ ಬಾಳುತ್ತದೆ. ಮತ್ತೆ ಮತ್ತೆ ಬಳಸುವಂಥದು ಉಪಭೋಗವೆಂದು ಸಮಂತಭದ್ರಾಚಾರ್ಯರು ವಸ್ತ್ರವನ್ನು ಉದಾಹರಿಸಿದಾಗ ಇಂತಹ ಬಟ್ಟೆಯೇ ಅವರ ಮನಸ್ಸಿನಲ್ಲಿದ್ದಿರಬೇಕು. ಹುಡುಗನು ತಗ್ಗಿದ ದನಿಯಲ್ಲಿ, “ತಾತ, ಕಂಬ್ಳಿ ಹೊದ್ಕೊಂಡು ಬರ್ಬೇಡ ಅಂದಿದ್ನಲ್ಲ. ಟೀವೀಲಿ ಬರೋ ಕಾಮಿಡಿ ಪೀಸ್ ಥರಾ ಕಾಣ್ತೀಯ” ಎಂದನು. ನಮ್ಮ ಅಂಗಡಿಯ ಹುಡುಗರು ನಕ್ಕರು. ನಾನೂ ನಕ್ಕೆ. ವೃದ್ಧರು ಏನನ್ನೂ ಹೇಳದೆ ಕಂಬಳಿಯನ್ನು ಮಡಿಚಿ ಬೆಂಚಿನ ಕೆಳಗಿಟ್ಟು, “ಸ್ವಾಮಿ, ನಂಗೂ ಒಂದು ಸ್ವೆಟ್ರು ತೋರ್ಸಿ” ಎಂದರು. ತೋರಿಸಿದೆ, ಮಾರಿದೆ. ಎರಡು ಒಗೆತಕ್ಕೆ ಗಂಟು ಕಟ್ಟುವ ಮಾಲೆಂದು ನನಗೆ ತಿಳಿದಿತ್ತು.

ಆ ಹುಡುಗನು ಯಾವ ಧಾರಾವಾಹಿಯನ್ನು ನೋಡಿದ್ದನೆಂದು ನಾನು ಕೇಳಲಿಲ್ಲ. ಅಂತಹ ಮಾತು ಯಾವುದಾದರೂ ಒಂದರಿಂದ ಬರುವುದಲ್ಲ, ಸಾವಿರ ಸಂಜೆಗಳಿಂದ ಬರುತ್ತದೆ.

ಬಸದಿಗಳ ಆಡಳಿತ ನೋಡುವವರಲ್ಲಿ ಒಂದು ವಿನಂತಿ ಇದೆ. ಮಹಾವೀರ ಜಯಂತಿಯಂದು ಮಕ್ಕಳಿಂದ ಕಿರುನಾಟಕ ಆಡಿಸುವ ಪದ್ಧತಿ ಅನೇಕ ಕಡೆ ಇದೆ. ನಾನು ನೋಡಿದ ಒಂದೆರಡು ನಾಟಕಗಳಲ್ಲಿ ನಗಿಸುವ ಪಾತ್ರಕ್ಕೆ ತಪ್ಪದೆ ಪಟ್ಟಾಪಟ್ಟಿ ಚಡ್ಡಿ, ಟವೆಲ್ಲು, ಒಮ್ಮೆಯಂತೂ ಕಂಬಳಿ. ಮಕ್ಕಳು ಟೀವಿಯಿಂದ ಕಲಿತದ್ದನ್ನು ಆಡುತ್ತಾರೆ, ಅವರದು ತಪ್ಪಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು ನಾವು. ಮುಂದಿನ ಬಾರಿ ನಗಿಸುವ ಪಾತ್ರವನ್ನು ಒಬ್ಬ ಜವಳಿ ವ್ಯಾಪಾರಿಯಾಗಿ ಬರೆಯಿಸಬಾರದೇಕೆ? ವೇಷಕ್ಕೆ ಬೇಕಾದ ಕೋಟು, ಕರಿಯ ಟೋಪಿ, ಮೊಳದಕೋಲು ನಮ್ಮ ತಂದೆಯವರ ಕಾಲದವು ಅಂಗಡಿಯ ಅಟ್ಟದ ಮೇಲಿವೆ. ಬಾಡಿಗೆ ಕೊಡಬೇಕಾಗಿಲ್ಲ, ಒಂದು ದಿನ ಮುಂಚೆ ಹೇಳಿ ಕಳುಹಿಸಿದರೆ ಧೂಳು ಕೊಡವಿ ಇಡುತ್ತೇನೆ.