ವ್ಯಾಟ್ ಎಂದರೆ ತಾಪವಲ್ಲ

ಕೆಲವು ತಿಂಗಳುಗಳ ಹಿಂದೆ ಮುಳಬಾಗಿಲಿನಲ್ಲಿ ವಿಜ್ಞಾನ ಶಿಕ್ಷಕರ ಒಂದು ದಿನದ ಕಾರ್ಯಾಗಾರಕ್ಕೆ ಹೋಗಿದ್ದೆ. ವಿಷಯ: ವಿದ್ಯುತ್ತಿನ ಉಷ್ಣ ಪರಿಣಾಮ. ಮಧ್ಯಾಹ್ನದ ವಿರಾಮದಲ್ಲಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಕೈಚೀಲದಿಂದ ಪುಟ್ಟ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕಿರುಬೆರಳಿನ ತುದಿಯಷ್ಟು ಗಾತ್ರದ ಲೋಹದ ಕೊಳವೆ. ಕೊಳವೆಯೊಳಗೆ ಹತ್ತಿ, ಹತ್ತಿಯ ನಡುವೆ ತಂತಿಯ ಸುರುಳಿ. ಮೇಲೆ ಸಣ್ಣ ಅಕ್ಷರಗಳಲ್ಲಿ "0.6 ಓಮ್, 18–25 ವ್ಯಾಟ್" ಎಂದು ಮುದ್ರಿಸಿತ್ತು. ಅದು ಇ-ಸಿಗರೇಟಿನ ಸುರುಳಿ.

"ಹುಡುಗನೊಬ್ಬನ ಬ್ಯಾಗಿನಲ್ಲಿ ಸಿಕ್ಕಿತು ಸರ್. ಬೈದದ್ದಾಯಿತು, ಮನೆಯವರನ್ನು ಕರೆಸಿದ್ದಾಯಿತು. ಆದರೆ ಅವನು ಒಂದು ಪ್ರಶ್ನೆ ಕೇಳಿಬಿಟ್ಟ: 'ಮಿಸ್, ಇದರ ಮೇಲೆ ಬರೆದಿರೋ ವ್ಯಾಟ್ ಒಳಗೇ ಇಟ್ಕೊಂಡ್ರೆ ಸುಡಲ್ವಂತೆ, ಏನೂ ಆಗಲ್ವಂತೆ. ಹೌದಾ?' ನನಗೆ ಏನು ಹೇಳಬೇಕೋ ತಿಳಿಯಲಿಲ್ಲ."

ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಶಿಕ್ಷಾರ್ಹ. ಆದರೆ ಹುಡುಗ ಕೇಳಿದ್ದು ಕಾನೂನನ್ನಲ್ಲ, ಭೌತವಿಜ್ಞಾನವನ್ನು. ಅವನಿಗೆ ಉತ್ತರ ಕೊಡಲಾಗದಿದ್ದರೆ ತಪ್ಪು ಆ ಶಿಕ್ಷಕಿಯದ್ದಲ್ಲ. ನಾವು ಉಷ್ಣ ಪರಿಣಾಮವನ್ನು ಕಲಿಸುತ್ತ ಬಂದ ಕ್ರಮದಲ್ಲೇ ಒಂದು ಕೊರತೆ ಇದೆ. ಆ ಸುರುಳಿಯನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸೋಣ.

ಲೆಕ್ಕ ಸರಿ, ತೀರ್ಮಾನ ತಪ್ಪು

ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ ಬರುತ್ತದೆ. ಇದು ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಗೊತ್ತು. ಲಿಥಿಯಮ್ ಅಯಾನ್ ಕೋಶವೊಂದು ಪೂರ್ಣ ಆವೇಶಗೊಂಡಾಗ 4.2 ವೋಲ್ಟ್ ಕೊಡುತ್ತದೆ. ಬರಿದಾಗುತ್ತ ಬಂದಂತೆ 3.2 ವೋಲ್ಟ್‌ಗೆ ಇಳಿಯುತ್ತದೆ. 0.6 ಓಮ್ ಸುರುಳಿಯನ್ನು ಅದಕ್ಕೆ ನೇರವಾಗಿ ಜೋಡಿಸಿದರೆ, ಕೋಶದ ಆಂತರಿಕ ರೋಧವನ್ನು ಸದ್ಯಕ್ಕೆ ಬಿಟ್ಟರೆ, ಮೊದಲಿಗೆ 29 ವ್ಯಾಟ್, ಕೊನೆಗೆ 17 ವ್ಯಾಟ್ ಸಿಗುತ್ತದೆ. ನಡುವಿನ 3.7 ವೋಲ್ಟ್‌ನಲ್ಲಿ ಸುಮಾರು 23 ವ್ಯಾಟ್. ಆದ್ದರಿಂದಲೇ ಅನೇಕ ಸಾಧನಗಳಲ್ಲಿ ಸಾಮರ್ಥ್ಯವನ್ನು ಒಂದೇ ಮಟ್ಟದಲ್ಲಿಡುವ ನಿಯಂತ್ರಕ ಇರುತ್ತದೆ. ಬಳಸುವವನು 20 ವ್ಯಾಟ್ ಎಂದು ಗೊತ್ತುಮಾಡಿದರೆ 20 ವ್ಯಾಟ್ ಸಿಗುತ್ತದೆ.

ಇಲ್ಲಿಯವರೆಗೆ ಲೆಕ್ಕ ಸರಿ. ಆದರೆ ಆ 20 ವ್ಯಾಟ್‌ಗೆ ತಂತಿ ಎಷ್ಟು ಬಿಸಿಯಾಗುತ್ತದೆ? ಈ ಸೂತ್ರ ಅದನ್ನು ಹೇಳುವುದಿಲ್ಲ.

ಎರಡು ನೈಕ್ರೋಮ್ ತಂತಿಗಳನ್ನು ತೆಗೆದುಕೊಳ್ಳಿ. ನೈಕ್ರೋಮಿನ ರೋಧಶೀಲತೆ ಸುಮಾರು 1.1 × 10⁻⁶ ಓಮ್-ಮೀಟರ್. ತಂತಿಯ ವ್ಯಾಸ 0.32 ಮಿಲಿಮೀಟರ್ ಆದರೆ 0.6 ಓಮ್ ರೋಧಕ್ಕೆ 44 ಮಿಲಿಮೀಟರ್ ಉದ್ದ ಸಾಕು. ವ್ಯಾಸ 0.64 ಮಿಲಿಮೀಟರ್ ಆದರೆ ಸುಮಾರು 175 ಮಿಲಿಮೀಟರ್ ಬೇಕು. ಎರಡರ ರೋಧವೂ ಒಂದೇ. ಆದರೆ ಮೊದಲನೆಯದರ ಮೇಲ್ಮೈ 44 ಚದರ ಮಿಲಿಮೀಟರ್, ಎರಡನೆಯದರದ್ದು 352. ವ್ಯಾಸ ಇಮ್ಮಡಿಯಾದಾಗ ಉದ್ದ ನಾಲ್ಕು ಪಟ್ಟು, ಮೇಲ್ಮೈ ಎಂಟು ಪಟ್ಟು, ದ್ರವ್ಯರಾಶಿ ಹದಿನಾರು ಪಟ್ಟು ಆಗುತ್ತದೆ. 20 ವ್ಯಾಟ್ ಕೊಟ್ಟಾಗ ತೆಳು ತಂತಿಯ ಪ್ರತಿ ಚದರ ಮಿಲಿಮೀಟರಿನಿಂದ 0.45 ವ್ಯಾಟ್ ಹೊರಹೋಗಬೇಕು. ದಪ್ಪ ತಂತಿಯಲ್ಲಿ 0.06 ವ್ಯಾಟ್‌ಗಿಂತ ಕಡಿಮೆ ಸಾಕು. ಅದೇ ಓಮ್, ಅದೇ ವ್ಯಾಟ್. ತಾಪ ಮಾತ್ರ ಬೇರೆ ಬೇರೆ.

ಎಂದಮೇಲೆ "ಇಷ್ಟು ಓಮ್‌ಗೆ ಇಷ್ಟು ವ್ಯಾಟ್" ಎಂಬ ಸಿದ್ಧ ಸೂತ್ರಗಳಿಗೆ ಭೌತವಿಜ್ಞಾನದ ಆಧಾರವಿಲ್ಲ. ಪೊಟ್ಟಣದ ಮೇಲಿನ ಸಂಖ್ಯೆಗೆ ಅರ್ಥವೇ ಇಲ್ಲವೆಂದಲ್ಲ. ಅದೇ ಸುರುಳಿ, ಅದೇ ಗಾಳಿಯ ಹರಿವು, ಅದೇ ದ್ರವ, ಚೆನ್ನಾಗಿ ನೆನೆದ ಬತ್ತಿ ಇದ್ದಾಗ ಅದು ಒಂದು ಅಂದಾಜು. ಇವುಗಳಲ್ಲಿ ಒಂದು ಬದಲಾದರೂ ಆ ಅಂದಾಜು ಹಳಸುತ್ತದೆ.

ಕಾವಲಿಯ ಪಾಠ

ಮುಳಬಾಗಿಲು ದೋಸೆಗೆ ಹೆಸರಾದ ಊರು. ದೋಸೆ ಹುಯ್ಯುವವರನ್ನು ಗಮನಿಸಿ. ಒಲೆಯ ಉರಿ ಎಷ್ಟಿದೆ ಎಂದು ಅವರು ಅಳೆಯುವುದಿಲ್ಲ. ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಚುಂಯ್ ಎಂದು ಆರಿದರೆ ಹದ ಸರಿ. ಹನಿಗಳು ಮುತ್ತಿನಂತೆ ಉರುಳಾಡಿದರೆ ಕಾವಲಿ ಮಿತಿಮೀರಿ ಕಾದಿದೆ. ಉರಿ ಎಂದರೆ ಸಾಮರ್ಥ್ಯ, ಕಾವು ಎಂದರೆ ತಾಪ. ಇವೆರಡೂ ಒಂದೇ ಅಲ್ಲವೆಂಬುದು ಅವರ ಕೈಗೆ ಗೊತ್ತು. ಅದೇ ಉರಿಯಲ್ಲಿ ಹಿಟ್ಟು ಬಿದ್ದ ಕಾವಲಿ ತಣಿಯುತ್ತದೆ, ಬರಿದಾದ ಕಾವಲಿ ಹೊಗೆಯಾಡುತ್ತದೆ.

ಸುರುಳಿಯಲ್ಲಿ ಹಿಟ್ಟಿನ ಕೆಲಸವನ್ನು ಮಾಡುವುದು ಬತ್ತಿಯಲ್ಲಿರುವ ದ್ರವ. ಅದು ಮುಖ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್‌ಗಳ ಮಿಶ್ರಣ. ಮೊದಲನೆಯದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡನೆಯದು 290 ಡಿಗ್ರಿಯಲ್ಲಿ ಕುದಿಯುತ್ತದೆ. ದ್ರವ ಕುದಿಯುತ್ತಿರುವವರೆಗೆ ತಂತಿಯ ತಾಪ ಕುದಿಬಿಂದುವಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೆಚ್ಚುವರಿ ಉಷ್ಣ ಆವಿಯಾಗಿಸಲು ಖರ್ಚಾಗುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ಅನ್ನ ಸೀಯುವುದಿಲ್ಲ, ನೀರು ಇಂಗಿದ ಮೇಲೆ ತಳ ಹಿಡಿಯುತ್ತದೆ. ಇದೂ ಹಾಗೆಯೇ.

ಒಂದು ಅಂದಾಜು ಮಾಡೋಣ. ಒಂದು ಗ್ರಾಮ್ ಪ್ರೊಪಿಲೀನ್ ಗ್ಲೈಕಾಲನ್ನು ಕೋಣೆಯ ತಾಪದಿಂದ ಕುದಿಬಿಂದುವಿಗೇರಿಸಿ ಆವಿಯಾಗಿಸಲು ಸುಮಾರು 1300 ಜೂಲ್ ಬೇಕು. 20 ವ್ಯಾಟ್‌ನಲ್ಲಿ ಮೂರು ಸೆಕೆಂಡಿಗೆ 60 ಜೂಲ್. ಅಷ್ಟೂ ಆವಿಗೇ ಹೋದರೆ 46 ಮಿಲಿಗ್ರಾಮ್ ದ್ರವ ಬೇಕಾಗುತ್ತದೆ. ಅಂದರೆ ಸೆಕೆಂಡಿಗೆ 15 ಮಿಲಿಗ್ರಾಮ್. ಒಂದು ಪಾಲು ಉಷ್ಣ ಗಾಳಿಗೂ ಲೋಹಕ್ಕೂ ಹೋಗುವುದರಿಂದ ನಿಜವಾದ ಅಗತ್ಯ ಇದಕ್ಕಿಂತ ಕಡಿಮೆ. ಆದರೂ ಅಷ್ಟನ್ನು ಲೋಮನಾಳ ಕ್ರಿಯೆಯಿಂದ ಹತ್ತಿಯೇ ಎಳೆದು ತರಬೇಕು. ಗ್ಲಿಸರಿನ್ ಹೆಚ್ಚಿದ್ದರೆ ದ್ರವ ಮಂದ, ಹರಿವು ನಿಧಾನ. ಬತ್ತಿ ಹಳೆಯದಾಗಿ ಮಸಿ ಕಟ್ಟಿದರೆ ಇನ್ನೂ ನಿಧಾನ. ಪೂರೈಕೆ ಬೇಡಿಕೆಗಿಂತ ಕಡಿಮೆಯಾದ ಕ್ಷಣ ತಂತಿಯ ತಾಪಕ್ಕಿದ್ದ ಕಡಿವಾಣ ಕಳಚುತ್ತದೆ. ಆಗ ಗ್ಲಿಸರಿನ್ ಒಡೆದು ಆಕ್ರೊಲೀನ್, ಫಾರ್ಮಾಲ್ಡಿಹೈಡ್‌ಗಳಂಥ ವಿಷವಸ್ತುಗಳಾಗುತ್ತವೆ. ಸೀದ ಎಣ್ಣೆಯ ಕಟುವಾಸನೆಗೂ ಆಕ್ರೊಲೀನೇ ಕಾರಣ.

ನುಕಿಯಾಮಾ ಕಂಡ ನೆಗೆತ

ಕಾವಲಿಯ ಮೇಲೆ ಉರುಳಾಡುವ ಹನಿಗಳನ್ನು 1756ರಲ್ಲಿ ಜರ್ಮನಿಯ ಲೈಡನ್‌ಫ್ರಾಸ್ಟ್ ವಿವರಿಸಿದ. ಹನಿಯ ಕೆಳಗೆ ಆವಿಯ ತೆಳುಪದರ ಉಂಟಾಗಿ ಉಷ್ಣ ದಾಟುವುದನ್ನು ತಡೆಯುತ್ತದೆ. ಇದೇ ಪದರ ಕಾದ ತಂತಿಯ ಸುತ್ತ ಉಂಟಾದರೆ ಏನಾಗುತ್ತದೆ? 1934ರಲ್ಲಿ ಜಪಾನಿನ ಶಿರೊ ನುಕಿಯಾಮಾ ತೋರಿಸಿಕೊಟ್ಟರು. ಅವರು ನೀರಿನಲ್ಲಿ ಮುಳುಗಿಸಿದ್ದು ನೈಕ್ರೋಮ್ ತಂತಿಯನ್ನೇ. ವಿದ್ಯುತ್ ಸಾಮರ್ಥ್ಯವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಾಗ ತಂತಿಯ ತಾಪವೂ ನಿಧಾನವಾಗಿ ಏರಿತು. ಒಂದು ಮಿತಿ ದಾಟಿದೊಡನೆ, ಸಾಮರ್ಥ್ಯವನ್ನು ಅತ್ಯಲ್ಪ ಹೆಚ್ಚಿಸಿದರೂ ತಾಪ ಥಟ್ಟನೆ ನೆಗೆದು ತಂತಿ ಕರಗಿಯೇ ಹೋಯಿತು. ಹೆಚ್ಚಿನ ತಾಪಕ್ಕೆ ಕರಗುವ ಪ್ಲಾಟಿನಮ್ ತಂತಿಯನ್ನು ಬಳಸಿದ ಮೇಲೆ ನೆಗೆತದಾಚೆಯ ಸ್ಥಿತಿಯನ್ನು ಅಳೆಯಲು ಸಾಧ್ಯವಾಯಿತು.

ಸಾಮರ್ಥ್ಯವನ್ನು ನಾವು ಗೊತ್ತುಮಾಡಿ ತಾಪವನ್ನು ಅದರ ಪಾಡಿಗೆ ಬಿಟ್ಟರೆ ಇಂಥ ನೆಗೆತ ಸಾಧ್ಯ. ಬತ್ತಿಯೊಳಗಿನ ಸುರುಳಿ ನೀರಿನಲ್ಲಿ ಮುಳುಗಿದ ತಂತಿಯಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ದ್ರವದ ಪೂರೈಕೆ. ಫಲ ಮಾತ್ರ ಒಂದೇ ಬಗೆಯದು. "18ರಿಂದ 25ರವರೆಗೆ ಸುರಕ್ಷಿತ" ಎಂಬ ನಂಬಿಕೆಯ ದೌರ್ಬಲ್ಯ ಇಲ್ಲಿದೆ. 20 ವ್ಯಾಟ್ ಬತ್ತಿ ನೆನೆದಿದ್ದಾಗ ಒಂದು ತಾಪ, ಒಣಗಿದಾಗ ಮತ್ತೊಂದು ತಾಪ. ಪರದೆಯ ಮೇಲಿನ ಸಂಖ್ಯೆ ಎರಡು ಸಲವೂ 20.

ಹಾಗಾದರೆ ತಾಪವನ್ನೇ ಅಳೆಯಬಾರದೇ? ಅಳೆಯಬಹುದು; ರೋಧ ತಾಪದೊಡನೆ ಬದಲಾಗುವುದನ್ನು ಗಮನಿಸಿದರೆ ಸಾಕು. ಕೆಲವು ಸಾಧನಗಳು ಹೀಗೆಯೇ ಕೆಲಸ ಮಾಡುತ್ತವೆ. ಆದರೆ 200 ಡಿಗ್ರಿ ಕಾದಾಗ ಶುದ್ಧ ನಿಕ್ಕಲ್ ತಂತಿಯ ರೋಧ ಇಮ್ಮಡಿಗಿಂತ ಹೆಚ್ಚಾಗುತ್ತದೆ. ನೈಕ್ರೋಮಿನದ್ದು ಶೇಕಡಾ 3ರಿಂದ 4ರಷ್ಟು ಮಾತ್ರ. 0.6 ಓಮ್ ಎಂಬುದು 0.62 ಓಮ್ ಆದೀತು. ತಿರುಪು ಸ್ವಲ್ಪ ಸಡಿಲವಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ರೋಧ ಹೆಚ್ಚು ಬದಲಾಗದಿರುವುದು ಕಾಯಿಸುವ ತಂತಿಗೆ ಒಳ್ಳೆಯ ಗುಣ. ತಾಪಮಾಪಕವಾಗಲು ಅದೇ ಅಡ್ಡಿ.

ಸಂಶೋಧಕರ ನಡುವಿನ ವಾದ

ವ್ಯಾಟ್ ಮತ್ತು ತಾಪದ ಈ ಗೊಂದಲ ಶಾಲಾ ಹುಡುಗನದ್ದು ಮಾತ್ರವಲ್ಲ. 2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪತ್ರ ಪ್ರಕಟಿಸಿತು. 3.3 ವೋಲ್ಟ್‌ನಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಸಂಯುಕ್ತಗಳು ಕಾಣಲಿಲ್ಲ, 5 ವೋಲ್ಟ್‌ನಲ್ಲಿ ಗಣನೀಯವಾಗಿ ಕಂಡವು ಎಂಬುದು ಅದರ ಸಾರ. ಅದೇ ವರ್ಷ ಗ್ರೀಸಿನ ಫರ್ಸಲಿನೋಸ್ ಮತ್ತು ಸಂಗಡಿಗರು, ಆಲ್ಡಿಹೈಡ್‌ಗಳು ಹೆಚ್ಚಾಗುವುದು ಬತ್ತಿ ಒಣಗಿದ ಸ್ಥಿತಿಯಲ್ಲಿ ಮಾತ್ರ, ಅಂಥ ಕಹಿ ಹೊಗೆಯನ್ನು ಯಾರೂ ಎಳೆಯುವುದಿಲ್ಲ ಎಂದು ವಾದಿಸಿದರು.

ಎರಡು ಕಡೆಯಲ್ಲೂ ಹುರುಳಿದೆ, ಎರಡು ಕಡೆಯಲ್ಲೂ ಕೊರತೆಯಿದೆ. ಮೊದಲ ತಂಡ ವೋಲ್ಟ್ ಹೇಳಿತು, ಸುರುಳಿಯ ತಾಪ ಹೇಳಲಿಲ್ಲ. ತಾಪ ಗೊತ್ತಿಲ್ಲದೆ ಆ ಫಲಿತಾಂಶವನ್ನು ಬೇರೊಂದು ಸಾಧನಕ್ಕೆ ಅನ್ವಯಿಸಲಾಗದು. ಎರಡನೆಯ ತಂಡದ ವಾದ ನಾಲಿಗೆಯನ್ನೇ ತಾಪಮಾಪಕ ಮಾಡಿತು. ನಾಲಿಗೆಗೆ ಕಹಿ ತಾಗುವ ಹೊತ್ತಿಗೆ ಆ ಉಸಿರು ಒಳಗೆ ಹೋಗಿರುತ್ತದೆ. ಹೊಸದಾಗಿ ಕೈಹಾಕಿದ ಹುಡುಗನಿಗೆ ಯಾವುದು ಸೀದ ರುಚಿ ಎಂದು ಹೇಳಿಕೊಡುವವರು ಯಾರು?

ಇಷ್ಟಕ್ಕೂ ಬತ್ತಿ ಸೀಯದಿದ್ದರೆ ಸಾಕೇ? 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿದರು. ಸೀಸೆಯ ದ್ರವದಲ್ಲಿ ಇದ್ದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕ್ರೋಮಿಯಮ್, ನಿಕ್ಕಲ್, ಸೀಸಗಳು ಹೊಗೆಯಲ್ಲಿ ಕಂಡವು. ಇನ್ನು ನಿಕೋಟಿನ್ ಚಟ ಹಿಡಿಸುವುದಕ್ಕೆ ಯಾವ ವ್ಯಾಟ್ ಆದರೂ ಒಂದೇ.

ಪಠ್ಯದ ಅರ್ಧ ಪಾಠ

ಈಗ ನಮ್ಮ ಪುಸ್ತಕಗಳತ್ತ ತಿರುಗೋಣ. 2006ರಲ್ಲಿ ಮೊದಲು ಪ್ರಕಟವಾದ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ತಿನ ಅಧ್ಯಾಯ ಅಚ್ಚುಕಟ್ಟಾಗಿದೆ. 840 ಮತ್ತು 360 ವ್ಯಾಟ್‌ಗಳಲ್ಲಿ ಕೆಲಸ ಮಾಡುವ ಇಸ್ತ್ರಿಪೆಟ್ಟಿಗೆಯ ಪ್ರವಾಹ, ರೋಧ ಕಂಡುಹಿಡಿಯಿರಿ ಎಂಬ ಉದಾಹರಣೆ ಅಲ್ಲಿದೆ. ಆದರೆ ಇಸ್ತ್ರಿಪೆಟ್ಟಿಗೆ ಎಷ್ಟು ಬಿಸಿಯಾದೀತು, ಒಂದು ಹಂತದಲ್ಲಿ ಏಕೆ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ಉಷ್ಣ ಹುಟ್ಟುವ ಕಥೆ ಇದೆ, ಅದು ಹೊರಹೋಗುವ ಕಥೆ ಇಲ್ಲ.

ಅದೇ ಅಧ್ಯಾಯದ ರೋಧಶೀಲತೆಯ ಪಟ್ಟಿಯಲ್ಲಿ, ನನ್ನ ಕೈಯಲ್ಲಿರುವ ಮುದ್ರಣದಂತೆ, ನೈಕ್ರೋಮಿನ ಬೆಲೆ 100 × 10⁻⁶ ಓಮ್-ಮೀಟರ್ ಎಂದಿದೆ. ಇದು ನಿಜವಾದ ಬೆಲೆಯ ಸುಮಾರು ನೂರು ಪಟ್ಟು. ಇದನ್ನು ನಂಬಿದರೆ ಮೇಲಿನ ತೆಳು ತಂತಿಯಲ್ಲಿ 0.6 ಓಮ್ ಪಡೆಯಲು ಅರ್ಧ ಮಿಲಿಮೀಟರ್ ಉದ್ದ ಸಾಕು! ಒಮ್ಮೆ ತಂತಿಯನ್ನು ಕೈಯಲ್ಲಿ ಹಿಡಿದು ಅಳೆದಿದ್ದರೆ ಈ ತಪ್ಪು ಎದ್ದು ಕಾಣುತ್ತಿತ್ತು.

ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಟೋಸ್ಟರಿನ ನೈಕ್ರೋಮ್ ತಂತಿಯ ರೋಧ 27 ಡಿಗ್ರಿಯಲ್ಲಿ 75.3 ಓಮ್, 230 ವೋಲ್ಟ್‌ಗೆ ಜೋಡಿಸಿದಾಗ ಪ್ರವಾಹ 2.68 ಆಂಪಿಯರ್‌ನಲ್ಲಿ ನಿಲ್ಲುತ್ತದೆ. ಲೆಕ್ಕ ಮಾಡಿದರೆ ತಂತಿಯ ತಾಪ 847 ಡಿಗ್ರಿ. ಹುಟ್ಟುವ ಉಷ್ಣ ಹೊರಹೋಗುವ ಉಷ್ಣಕ್ಕೆ ಸಮನಾದಾಗ ತಾಪ ಸ್ಥಿರವಾಗುತ್ತದೆ ಎಂಬ ಮಾತೂ ಅಲ್ಲಿದೆ, ಆದರೆ ಆವರಣ ಚಿಹ್ನೆಯೊಳಗೆ. ಇಡೀ ಪಾಠದ ಜೀವಾಳ ಆವರಣ ಚಿಹ್ನೆಯೊಳಗೆ ಅಡಗಿ ಕುಳಿತರೆ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಹೇಗೆ? ಪರೀಕ್ಷೆಯಲ್ಲಿ ಕೇಳುವುದಂತೂ ದೂರದ ಮಾತು.

ತರಗತಿಯಲ್ಲಿ ಮಾಡಿ ನೋಡಿ

ಇದನ್ನು ಸರಿಪಡಿಸಲು ಹೊಸ ಪಠ್ಯಕ್ಕಾಗಿ ಕಾಯಬೇಕಿಲ್ಲ. ಮೇಲೆ ಹೇಳಿದ ಎರಡು ನೈಕ್ರೋಮ್ ತಂತಿಗಳನ್ನು, 44 ಮಿಲಿಮೀಟರ್ ತೆಳುವಿನದು ಮತ್ತು 175 ಮಿಲಿಮೀಟರ್ ದಪ್ಪದ್ದು, ಸುರುಳಿ ಸುತ್ತದೆ ಪಿಂಗಾಣಿ ಆಧಾರಗಳ ನಡುವೆ ಬಿಗಿಯಿರಿ. ಸರಣಿಯಲ್ಲಿ ಜೋಡಿಸಿ, ಬ್ಯಾಟರಿ ಎಲಿಮಿನೇಟರಿನಿಂದ ನಿಧಾನವಾಗಿ 4 ವೋಲ್ಟ್‌ವರೆಗೆ ಏರಿಸಿ. ಪ್ರವಾಹ ಸುಮಾರು 3.3 ಆಂಪಿಯರ್, ಎಲಿಮಿನೇಟರ್ ಅಷ್ಟನ್ನು ಕೊಡುವಂಥದ್ದಾಗಿರಲಿ. ಎರಡರಲ್ಲೂ ಪ್ರವಾಹ ಒಂದೇ, ರೋಧ ಒಂದೇ, ಆದ್ದರಿಂದ ವ್ಯಾಟ್ ಒಂದೇ. ಕೋಣೆಯನ್ನು ಕತ್ತಲೆ ಮಾಡಿದರೆ ತೆಳು ತಂತಿ ಮಸುಕಾದ ಕೆಂಪಾಗಿ ಕಾಣುತ್ತದೆ, ದಪ್ಪ ತಂತಿ ಕಾಣುವುದೇ ಇಲ್ಲ. ದಪ್ಪ ತಂತಿಯೂ ಕೈ ಸುಡುವಷ್ಟು ಕಾದಿರುತ್ತದೆ; ಮುಟ್ಟಬಾರದು. ಮನೆಯ 230 ವೋಲ್ಟ್ ಪೂರೈಕೆಗೆ ಇವನ್ನು ಎಂದೂ ಜೋಡಿಸಬಾರದು.

ಇಷ್ಟಾದ ಮೇಲೆ ಮಕ್ಕಳನ್ನು ಎರಡು ಪ್ರಶ್ನೆ ಕೇಳಿ: ಉಷ್ಣ ಎಷ್ಟು ಹುಟ್ಟುತ್ತಿದೆ? ಹುಟ್ಟಿದ್ದು ಎಲ್ಲಿಗೆ ಹೋಗುತ್ತಿದೆ? ಮೊದಲನೆಯದಕ್ಕೆ ಸೂತ್ರವಿದೆ. ಎರಡನೆಯದಕ್ಕೆ ಮೇಲ್ಮೈ, ಗಾಳಿ, ದ್ರವ, ಸಮಯ ಎಲ್ಲವನ್ನೂ ನೋಡಬೇಕು. ಬಾಯ್ಲರು, ಮೋಟಾರು, ಮೊಬೈಲಿನ ಬ್ಯಾಟರಿ ಇವು ಸುಡುವುದೂ ಬಾಳುವುದೂ ಈ ಎರಡನೆಯ ಪ್ರಶ್ನೆಯ ಮೇಲೆ ನಿಂತಿದೆ.

ಅಂದು ಶಿಕ್ಷಕಿಗೆ ನಾನು ಹೇಳಿದ್ದು ಇಷ್ಟು: "ಆ ಹುಡುಗನನ್ನು ಕರೆದು ಈ ಪ್ರಯೋಗವನ್ನು ಅವನ ಕೈಯಲ್ಲೇ ಮಾಡಿಸಿ, ಮೇಡಂ. ಆಮೇಲೆ ಹೇಳಿ: 'ಸುಡಲ್ಲ' ಅನ್ನೋದು ಷರತ್ತಿನ ಮಾತು, ಆ ಷರತ್ತು ಪೊಟ್ಟಣದ ಮೇಲೆ ಇಲ್ಲ. 'ಏನೂ ಆಗಲ್ಲ' ಅನ್ನೋದು ಸುಳ್ಳು." ಬೈಗುಳಕ್ಕೆ ಹೆದರಿದವನು ಇನ್ನೊಮ್ಮೆ ಅದನ್ನು ಬಚ್ಚಿಟ್ಟುಕೊಳ್ಳಬಹುದು. ಲೆಕ್ಕ ಎಲ್ಲಿ ಮುರಿಯುತ್ತದೆಂದು ತಾನೇ ಕಂಡವನಿಗೆ ಪೊಟ್ಟಣದ ಮೇಲಿನ ಸಂಖ್ಯೆ ಮತ್ತೆ ಅಷ್ಟು ಸುಲಭವಾಗಿ ಭರವಸೆ ಕೊಡಲಾರದು.