ಒಂದೇ ದನಿ, ಹಲವು ಹೆಂಗಸರು

ನಟಿ ಉಮಾಶ್ರೀ ಅವರನ್ನು ಬಹುಮುಖ ಪ್ರತಿಭೆ ಎಂದು ಹೊಗಳುವವರು ಸಾಮಾನ್ಯವಾಗಿ ಅವರ ವೇಷಗಳನ್ನು ಎಣಿಸುತ್ತಾರೆ. ನನಗೆ ಮುಖ್ಯವೆನಿಸುವುದು ಅವರ ದನಿ. ತುಸು ಒಡೆದ, ಓಣಿಯ ಆ ತುದಿಗೂ ಕೇಳಿಸುವ ಆ ದನಿ ನಾಲ್ಕು ದಶಕಗಳಲ್ಲಿ ಹೆಚ್ಚು ಬದಲಾಗಿಲ್ಲ. ಅದರ ಮೇಲೆ ಹೊರಿಸಿದ ಭಾರ ಮಾತ್ರ ಪಾತ್ರದಿಂದ ಪಾತ್ರಕ್ಕೆ ಬೇರೆಯಾಗಿದೆ.

ಕಾಶೀನಾಥ್ ಅವರ 'ಅನುಭವ' (1984) ಹೆಸರು ತಂದುಕೊಟ್ಟ ಮೇಲೆ ಚಿತ್ರರಂಗ ಆ ದನಿಯನ್ನು ದ್ವಂದ್ವಾರ್ಥದ ಮಾತುಗಳಿಗೆ ಸವೆಸಿತು. ಎನ್.ಎಸ್. ರಾವ್ ಜೋಡಿಯಾಗಿ ಮಾಡಿದ ಹಾಸ್ಯದಲ್ಲಿ ಇಬ್ಬರ ಟೈಮಿಂಗ್ ಚುರುಕು, ಬರವಣಿಗೆ ಬಡಕಲು. ಇತ್ತ ರಂಗದ ಮೇಲೆ ಅದೇ ದನಿ ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನದಾಯಿತು. ಕಳೆದುಹೋದ ಹುಂಜಕ್ಕಾಗಿ ಊರನ್ನೇ ಶಪಿಸುವ ಮುದುಕಿಯ ಬೈಗುಳದಲ್ಲಿ ನಗುವೂ ಹಸಿವೂ ಒಟ್ಟಿಗೆ ಇದ್ದವು. ನಲವತ್ತು ತುಂಬುವ ಮೊದಲೇ 'ಪುಟ್ನಂಜ'ದಲ್ಲಿ (1995) ರವಿಚಂದ್ರನ್ ಅವರ ಅಜ್ಜಿಯಾಗಿ ಒಪ್ಪಿಸಿಬಿಟ್ಟ ಧೈರ್ಯದ ಹಿಂದೆ ಈ ರಂಗದ ಪಳಗುವಿಕೆಯಿದೆ.

ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಅವರ ಅತ್ಯುತ್ತಮ ಕೆಲಸ. ವೈದೇಹಿಯವರ ಕತೆಯಿಂದ ಹುಟ್ಟಿದ ಈ ಚಿತ್ರದಲ್ಲಿ ಅವರು ಗುಲಾಬಿ ಎಂಬ ಕರಾವಳಿಯ ಸೂಲಗಿತ್ತಿ, ಸಿನಿಮಾ ಹುಚ್ಚಿನ ಹೆಂಗಸು. ಹೆರಿಗೆ ಮಾಡಿಸಿದ್ದಕ್ಕೆ ಬಂದ ಬಣ್ಣದ ಟಿ.ವಿ. ಅವಳ ಗುಡಿಸಲಿಗೆ ಊರಿನ ಹೆಂಗಸರನ್ನು ಸೇರಿಸುತ್ತದೆ. ಊರಲ್ಲಿ ಕೋಮುದ್ವೇಷ ಹಬ್ಬಿದಾಗ ಮುಸ್ಲಿಮಳಾದ ಅವಳು ಒಂಟಿಯಾಗುತ್ತಾಳೆ. ದನಿಯನ್ನೇ ನೆಚ್ಚಿ ಬೆಳೆದ ನಟಿ ಇಲ್ಲಿ ಅದನ್ನು ತಗ್ಗಿಸಿದ್ದಾರೆ. ಗುಲಾಬಿಯ ಅವಮಾನ ಅಳುವಿನಲ್ಲಿ ಹರಿದುಹೋಗದೆ ಗಂಟಲಲ್ಲೇ ನಿಲ್ಲುತ್ತದೆ. ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಸಂದದ್ದು ಈ ಸಂಯಮಕ್ಕೆ ಎಂದೇ ನಾನು ತಿಳಿದಿದ್ದೇನೆ.

2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಅವರನ್ನು ಮನೆಮನೆಯ ಅವ್ವನನ್ನಾಗಿ ಮಾಡಿತು. ಗಂಡ ಕೈಬಿಟ್ಟ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ತಾಯಿ ಈ ಪುಟ್ಟಕ್ಕ. ಬಡಿಸುತ್ತ, ಗದರಿಸುತ್ತ, ಸೆರಗಿಗೆ ಕೈ ಒರೆಸಿಕೊಳ್ಳುವ ಪುಟ್ಟಕ್ಕ ಪೂರಾ ನಿಜ. ಆದರೆ ದಿನದಿನದ ಕಂತು ಕಣ್ಣೀರು ಕೇಳುತ್ತದೆ. ಅವರು ಮೌನವಾಗಿ ನಿಂತಲ್ಲಿ ಹಿನ್ನೆಲೆ ಸಂಗೀತ ನುಗ್ಗುತ್ತದೆ. ಗುಲಾಬಿಗೆ ಸಿಕ್ಕ ಮೌನ ಪುಟ್ಟಕ್ಕನಿಗೆ ಸಿಗಲಿಲ್ಲ.

ಗುಲಾಬಿಯ ಗುಡಿಸಲಲ್ಲಿ ಟಿ.ವಿ. ಮುಂದೆ ಒತ್ತೊತ್ತಾಗಿ ಕೂತಿದ್ದಂಥ ಹೆಂಗಸರೇ ಪುಟ್ಟಕ್ಕನಿಗಾಗಿ ಸಂಜೆಯ ಕೆಲಸ ಬೇಗ ಮುಗಿಸಿದವರು. ಅವರು ಈ ನಟಿಯನ್ನು ಪೂರ್ತಿ ನಂಬಿದ್ದಾರೆ. ಆ ನಂಬಿಕೆಗೆ ತಕ್ಕ ಪಾತ್ರ ಬರೆಯುವ ಹೊಣೆ ನಮ್ಮ ಬರಹಗಾರರ ಮೇಲೆ ಇನ್ನೂ ಬಾಕಿಯಿದೆ.