ತಿಮ್ಮಿ ಯಾರ ಮನೆಯ ಆಳು?

ಪ್ರೇಮಕಥೆ ಎಂದು ಹೇಳಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಯಾರ ಕೈಗಾದರೂ ಕೊಟ್ಟರೆ ಮೊದಲ ನೂರು ಪುಟ ದಾಟುವುದರೊಳಗೆ ಬೈಸಿಕೊಳ್ಳುವುದು ಖಂಡಿತ. ಅಲ್ಲಿ ಸಿಗುವುದು ಮಳೆ, ಇಂಬಳ, ಕೆಸರು, ಕಳ್ಳು, ಸಾಲ, ಮನೆಮನೆಯ ಜಗಳ. ಪ್ರೀತಿಸಿದವರು ಎದುರುಬದುರು ಕೂತು ಮನಸ್ಸು ಬಿಚ್ಚಿ ಮಾತಾಡುವುದೇ ಅಪರೂಪ. ಆದರೂ ಏಳುನೂರಕ್ಕೂ ಮಿಕ್ಕಿದ ಪುಟಗಳನ್ನು ಮುಗಿಸಿ ಪುಸ್ತಕ ಕೆಳಗಿಟ್ಟಾಗ, ಪ್ರೀತಿಯ ಬಗ್ಗೆ ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ಯೋಚಿಸಿದ ಇನ್ನೊಂದು ಕಾದಂಬರಿ ನನಗಂತೂ ಥಟ್ಟನೆ ನೆನಪಾಗುವುದಿಲ್ಲ.

ಕುವೆಂಪು ಇದನ್ನು ಪ್ರಕಟಿಸಿದ್ದು 1967ರಲ್ಲಿ, ‘ಕಾನೂರು ಹೆಗ್ಗಡಿತಿ’ ಬಂದು ಮೂರು ದಶಕ ಕಳೆದ ಮೇಲೆ. ಕಥೆ ನಡೆಯುವುದು ವಿವೇಕಾನಂದರು ಚಿಕಾಗೊದಲ್ಲಿ ಮಾತಾಡಿದ 1893ರ ಆಸುಪಾಸು, ತೀರ್ಥಹಳ್ಳಿ ಸೀಮೆಯ ಕಾಡಿನಲ್ಲಿ. ಸಿಂಬಾವಿಯ ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಹಿಂದಿಟ್ಟುಕೊಂಡು ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಡುತ್ತಾನೆ. ತಿಮ್ಮಿಗೆ ಗುತ್ತಿಯ ಮೇಲೆ ಮನಸ್ಸು. ಒಡೆಯ ಕಲ್ಲಯ್ಯಗೌಡರಿಗೆ ಅವಳನ್ನು ತಮ್ಮದೇ ಆಳು ಬಚ್ಚನಿಗೆ ಕೊಡುವ ಮನಸ್ಸು. ಮೇಲುನೋಟಕ್ಕೆ ಇದು ಹುಡುಗ, ಹುಡುಗಿ, ನಡುವೆ ಅಡ್ಡಗಾಲು ಹಾಕುವ ಹಿರಿಯರು ಎಂಬ ಹಳೇ ಚೌಕಟ್ಟು. ಒಳಗಿನ ಲೆಕ್ಕ ಬೇರೆಯದೇ. ಹೊಲಗೇರಿಯ ಹೆಣ್ಣೊಬ್ಬಳು ಬೇರೆ ಊರಿಗೆ ಮದುವೆಯಾಗಿ ಹೋದರೆ ಒಂದು ಮನೆಗೆ ಒಂದು ಆಳು ಕಡಿಮೆ, ಇನ್ನೊಂದಕ್ಕೆ ಒಂದು ಆಳು ಹೆಚ್ಚು. ತಿಮ್ಮಿ ಓಡಿಹೋದಾಗ ಬೆಟ್ಟಳ್ಳಿಯಲ್ಲಿ ಏಳುವ ಗುಲ್ಲು ಮಾನ ಹೋಯಿತೆಂಬುದಕ್ಕಷ್ಟೇ ಅಲ್ಲ; ಕೊಟ್ಟಿಗೆಯಿಂದ ಹಸು ಬಿಚ್ಚಿಕೊಂಡು ಹೋದರೆ ಏಳುವ ಗುಲ್ಲೂ ಅದರಲ್ಲಿದೆ. ತಿಮ್ಮಿ ಯಾರನ್ನು ಪ್ರೀತಿಸುತ್ತಾಳೆ ಎನ್ನುವುದಕ್ಕಿಂತ ಅವಳು ಯಾರ ಮನೆಯ ಆಳು ಎನ್ನುವುದು ದೊಡ್ಡ ಪ್ರಶ್ನೆ. ಇದನ್ನು ಕುವೆಂಪು ಎಲ್ಲೂ ಭಾಷಣ ಮಾಡಿ ಹೇಳುವುದಿಲ್ಲ. ಯಾರು ಯಾರ ಜಗಲಿಯವರೆಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ತೋರಿಸುತ್ತ ಹೋಗುತ್ತಾರೆ, ಅಷ್ಟೇ.

ಅದೇ ಲೆಕ್ಕ ಗೌಡರ ಮನೆಯೊಳಗೂ ಇದೆ, ಬಟ್ಟೆ ಮಾತ್ರ ಬೇರೆ. ಹೂವಳ್ಳಿಯ ವೆಂಕಟಪ್ಪನಾಯಕರಿಗೆ ಸಾಲದ ಹೊರೆ. ಮಗಳು ಚಿನ್ನಮ್ಮನನ್ನು ಸಿಂಬಾವಿ ಭರಮೈಹೆಗ್ಗಡೆಗೆ ಎರಡನೇ ಹೆಂಡತಿಯಾಗಿ ಕೊಡಲು ಒಪ್ಪುತ್ತಾರೆ. ಅವಳು ಮೆಚ್ಚಿದ್ದು ಕೋಣೂರಿನ ಮುಕುಂದಯ್ಯನನ್ನು. ಈ ಕಾದಂಬರಿ ಅಚ್ಚಾಗುವ ಹಿಂದಿನ ವರ್ಷ, 1966ರಲ್ಲಿ, ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದ್ದರು. ಮದುವೆಯ ಹೆಸರಿನಲ್ಲಿ ಸಾಲ ಏನೇನು ಮಾಡಿಸುತ್ತದೆ ಎಂಬ ಸಿಟ್ಟು ಎರಡು ಕಡೆಯೂ ಒಂದೇ.

ಆ ಮದುವೆಯಿಂದ ತಪ್ಪಿಸಿಕೊಳ್ಳಲು ಚಿನ್ನಮ್ಮ ಮನೆ ಬಿಟ್ಟು ಕಾಡಿಗೆ ಬಂದಾಗ ಜೊತೆಗಿರುವವರು ಐತ, ಪೀಂಚಲು. ಈ ಗಂಡ ಹೆಂಡತಿ ಘಟ್ಟದ ಕೆಳಗಿನಿಂದ ಕೂಲಿಗೆ ಬಂದವರು. ಗೌಡರ ಮನೆಯ ಮಗಳಿಗೆ ಆ ಕತ್ತಲಲ್ಲಿ ಧೈರ್ಯ ಸಿಗುವುದು ಪೀಂಚಲುವಿನಿಂದ. ಕಾದಂಬರಿಯ ಅತ್ಯಂತ ಸುಖದ ದಾಂಪತ್ಯ ಕೂಡ ಈ ಇಬ್ಬರದೇ. ಬಿಡಾರದಲ್ಲಿ ಮಡಕೆ, ಕುಡಿಕೆ, ಹರಿದ ಕಂಬಳಿ ಬಿಟ್ಟರೆ ಕಳೆದುಕೊಳ್ಳಲು ಹೆಚ್ಚೇನಿಲ್ಲ.

ನನ್ನ ತಕರಾರು ಶುರುವಾಗುವುದೂ ಇಲ್ಲಿಯೇ. ಗುತ್ತಿ, ತಿಮ್ಮಿಯರ ಪ್ರೀತಿಗೆ ಮೈಯಿದೆ, ಬೆವರಿದೆ, ನಗುವಿದೆ. ಮುಕುಂದಯ್ಯ, ಚಿನ್ನಮ್ಮರ ವಿಷಯ ಬಂದಾಗ ಕುವೆಂಪು ಅವರ ಗದ್ಯ ಪಂಚೆ ಸರಿಮಾಡಿಕೊಂಡು ಗಂಭೀರವಾಗಿ ಕೂರುತ್ತದೆ; ಸಂಸ್ಕೃತ ಪದಗಳು ಹೆಚ್ಚುತ್ತವೆ, ಪ್ರೀತಿ ಒಂದು ಸಾಧನೆಯಾಗುತ್ತದೆ. ಕೇರಿಯವರಿಗೆ ದೇಹ, ಗೌಡರಿಗೆ ಆತ್ಮ ಎಂದು ಹಂಚಿದಂತಾಯಿತಲ್ಲ! ಸಾಬರ ಚಿತ್ರಣವೂ ಸೊರಗಿದೆ. ಬಡ್ಡಿ, ಹೊಡೆತ, ಜೀತದಿಂದ ಊರನ್ನು ಹಿಂಡುವ ಗೌಡರಿಗೂ ಒಳತೋಟಿ ಕೊಟ್ಟ ಲೇಖಕರು ಇವರಿಗೆ ಹೆಚ್ಚಾಗಿ ಕೇಡಿನ ಪಾತ್ರವನ್ನಷ್ಟೇ ಕೊಟ್ಟಿದ್ದಾರೆ.

ಸಿ. ಬಸವಲಿಂಗಯ್ಯ ನಿರ್ದೇಶನದ, ರಾತ್ರಿಯಿಡೀ ಒಂಬತ್ತು ಗಂಟೆ ನಡೆಯುವ ರಂಗರೂಪ ದೇಹ, ಆತ್ಮದ ಈ ಹಂಚಿಕೆಯನ್ನು ಬೇರೆ ರೀತಿಯಲ್ಲಿ ಸರಿದೂಗಿಸುತ್ತದೆ. ರಂಗದ ಮೇಲೆ ನಿರೂಪಕರ ಗಂಭೀರ ಗದ್ಯ ಬಹುಮಟ್ಟಿಗೆ ಕಳಚಿ ಎಲ್ಲರಿಗೂ ಮೈ ಬರುತ್ತದೆ. ಕಲ್ಲಯ್ಯಗೌಡರ ಮಗ ದೇವಯ್ಯನ ಬೈಸಿಕಲ್ಲು ಊರವರ ಬಾಯಲ್ಲಿ ‘ಬೀಸೆಕಲ್ಲು’ ಆಗುವ ಪ್ರಸಂಗಕ್ಕೆ ಜನ ಬಿದ್ದು ಬಿದ್ದು ನಗುತ್ತಾರೆ. ಆದರೆ ಕಾಡಿನ ನಿಧಾನ ಅಲ್ಲಿ ದಕ್ಕುವುದಿಲ್ಲ. ಅದಕ್ಕೆ ಪುಸ್ತಕವೇ ಬೇಕು.

ಕೊನೆಗೆ ತುಂಗೆ ತುಂಬಿ ಹರಿಯುತ್ತಿದೆ. ಗುತ್ತಿ, ತಿಮ್ಮಿ ಹೊಳೆ ದಾಟಬೇಕು. ಕಾದಂಬರಿಯ ಮೊದಲ ಹಾದಿಯಿಂದಲೂ ಒಡೆಯನ ಹಿಂದೆ ಬಂದ ಹುಲಿಯ ಪ್ರವಾಹಕ್ಕೆ ಸಿಕ್ಕಿ ಕೊಚ್ಚಿಹೋಗುತ್ತಾನೆ. ಅವನಿಗೆ ಜಾತಿಯಿರಲಿಲ್ಲ, ಸಾಲವಿರಲಿಲ್ಲ, ಯಾರ ಮನೆಯ ಲೆಕ್ಕದಲ್ಲೂ ಅವನ ಹೆಸರಿರಲಿಲ್ಲ. ಎರಡನೇ ಸಲ ಓದುವಾಗ ಆ ಪುಟಗಳು ಹತ್ತಿರ ಬಂದಂತೆ ನಾನು ಓದು ನಿಧಾನ ಮಾಡಿದೆ. ಹೊಳೆಯೇನೂ ಇಳಿದಿರಲಿಲ್ಲ.